ಅನ್ನ, ಪಲ್ಯದ ಜಾಗ ಬದಲಾಯಿಸಿ: ಮನೆ ಊಟದಲ್ಲೇ ತೂಕ ಇಳಿಸುವ ಕ್ರಮ

"ತೂಕ ಇಳಿಸಬೇಕು, ಏನು ತಿನ್ನಲಿ?" ಈ ಪ್ರಶ್ನೆ ಬಂದಷ್ಟು ಸಲ ಬೇರೆ ಯಾವುದೂ ಬಂದಿಲ್ಲ. ಕೇಳುವವರ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಓಟ್ಸ್, ಚಿಯಾ ಬೀಜ, ಗ್ರೀನ್ ಟೀ ಮೂರೂ ಆಗಲೇ ಬಂದು ಕೂತಿರುತ್ತವೆ. ಹದಿನೈದು ದಿನ ಅದನ್ನೇ ತಿಂದು, ನಾಲಿಗೆ ಕೆಟ್ಟು, ಹದಿನಾರನೇ ದಿನ ಬಿಸಿಬೇಳೆ ಬಾತಿಗೆ ವಾಪಸ್ ಬಂದಿರುತ್ತಾರೆ. ತಪ್ಪು ಅವರದ್ದಲ್ಲ. ಹುಟ್ಟಿದಾಗಿನಿಂದ ತಿಂದ ಊಟ ಬಿಟ್ಟು ಯಾರೂ ಜಾಸ್ತಿ ದಿನ ಇರಲಾರರು.

ಹಾಗಾಗಿ ಇಲ್ಲಿ ಹೊಸ ಪದಾರ್ಥ ಏನೂ ಇಲ್ಲ. ನಿಮ್ಮ ಮನೆಯಲ್ಲಿ ಈಗ ಆಗುತ್ತಿರುವ ಅಡುಗೆಯಲ್ಲೇ ಯಾವುದು ಎಷ್ಟಿರಬೇಕು ಅನ್ನೋದನ್ನು ಬದಲಾಯಿಸುತ್ತೇವೆ. ಎಂಟು ಹಂತ. ಎಲ್ಲವನ್ನೂ ಸೋಮವಾರ ಒಂದೇ ದಿನ ಶುರು ಮಾಡಬೇಡಿ. ವಾರಕ್ಕೆ ಒಂದು ಹಂತ ಸಾಕು.

ಮೊದಲು ಒಂದು ಎಚ್ಚರಿಕೆ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು, ಗ್ಲಿಮೆಪಿರೈಡ್ ತರಹದ ಮಾತ್ರೆ ನುಂಗುವವರು ಊಟ ಕಡಿಮೆ ಮಾಡುವ ಮುಂಚೆ ನಿಮ್ಮ ವೈದ್ಯರಿಗೆ ಹೇಳಲೇಬೇಕು. ಮಾತ್ರೆ ಅಷ್ಟೇ ಇದ್ದು ಅನ್ನ ಅರ್ಧ ಆದರೆ ರಕ್ತದ ಸಕ್ಕರೆ ತೀರಾ ಕೆಳಗಿಳಿದು ಕೈ ನಡುಗುವುದು, ಬೆವರುವುದು, ಪ್ರಜ್ಞೆ ತಪ್ಪುವುದೂ ಆಗಬಹುದು. ಗರ್ಭಿಣಿಯರು, ಮಗುವಿಗೆ ಹಾಲುಣಿಸುವವರು, ಹದಿನೆಂಟು ತುಂಬದವರು, ಕಿಡ್ನಿ ತೊಂದರೆ ಇರುವವರು ಈ ಲೇಖನ ನೋಡಿಕೊಂಡು ತಾವೇ ಶುರು ಮಾಡುವುದು ಬೇಡ. ಇನ್ನೊಂದು ಮಾತು: ಏನೂ ಪ್ರಯತ್ನ ಮಾಡದೆ ತೂಕ ತಾನಾಗಿಯೇ ಇಳಿಯುತ್ತಿದ್ದರೆ ಖುಷಿ ಪಡಬೇಡಿ, ಪರೀಕ್ಷೆ ಮಾಡಿಸಿ.

ಬೇಕಾಗುವ ಸಾಮಾನು

ಟೈಲರ್ ಟೇಪು, ತೂಕದ ಯಂತ್ರ, ಒಂದು ಚಿಕ್ಕ ನೋಟ್‌ಬುಕ್, ಒಂದೇ ಅಳತೆಯ ಚಮಚ (5 ಎಂಎಲ್ ಹಿಡಿಯುವ ಟೀ ಚಮಚ), ಒಂದು ಚಿಕ್ಕ ಬಟ್ಟಲು. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಮೆಡಿಕಲ್ ಶಾಪಿನ ಮುಂದೆ ಇರುವುದೂ ನಡೆಯುತ್ತದೆ, ಪ್ರತಿ ಸಲ ಅದೇ ಯಂತ್ರ ಆಗಿರಬೇಕು ಅಷ್ಟೇ.

1. ಈಗ ಎಲ್ಲಿದ್ದೀರಿ, ಅಳೆದುಕೊಳ್ಳಿ

ಬೆಳಗ್ಗೆ ಎದ್ದು, ಶೌಚ ಮುಗಿಸಿ, ಕಾಫಿ ಕುಡಿಯುವ ಮುಂಚೆ ತೂಕ ನೋಡಿ. ಸೊಂಟದ ಅಳತೆ ತೆಗೆಯಿರಿ. ಪ್ಯಾಂಟು ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯಕ್ಕೆ ಟೇಪು ಬರಬೇಕು. ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗೋದು ನೀವೇ!

ನಮ್ಮ ಕಡೆಯವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದರೆ ಹೊಟ್ಟೆಯ ಸುತ್ತ ಬೊಜ್ಜು ಕೂತಿದೆ ಅಂತ ಲೆಕ್ಕ. ಬಿಎಂಐ ಅನ್ನೋದು ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಅಂಕಿ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುತ್ತದೆ. 160 ಸೆಂ.ಮೀ. ಎತ್ತರ, 72 ಕೆ.ಜಿ. ತೂಕ ಇರುವವರಿಗೆ 28 ಬರುತ್ತದೆ. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ವೈದ್ಯರು ಹೇಳುತ್ತಾರೆ. ಬೇರೆ ದೇಶದ ಕೋಷ್ಟಕಗಳಲ್ಲಿ ಈ ಗೆರೆಗಳು 25, 30 ಇರುತ್ತವೆ. ಅದನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬರುವುದು ಜಾಸ್ತಿ, ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ.

ಗುರಿ ಸಣ್ಣದಿರಲಿ. ಮೊದಲ ಗುರಿ ಈಗಿನ ತೂಕದ ನೂರಕ್ಕೆ ಐದು ಪಾಲು. 72 ಕೆ.ಜಿ. ಇರುವವರಿಗೆ ಮೂರೂವರೆ ಕಿಲೋ. ಇಷ್ಟು ಇಳಿದರೂ ಬಿಪಿ, ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲು ಶುರುವಾಗುತ್ತದೆ. ವಾರಕ್ಕೆ ಅರ್ಧ ಕಿಲೋ ಇಳಿಯುವುದು ಒಳ್ಳೆಯ ವೇಗ. "ತಿಂಗಳಿಗೆ ಹತ್ತು ಕಿಲೋ" ಎನ್ನುವ ಜಾಹೀರಾತಿನವರು ನಿಮ್ಮ ಮೈಯ ನೀರು, ಮಾಂಸಖಂಡವನ್ನೂ ಸೇರಿಸಿ ಇಳಿಸುತ್ತಾರೆ. ಅಷ್ಟು ಅವಸರ ಮಾಡಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಹೆಚ್ಚುತ್ತದೆ.

2. ಒಂದು ವಾರ ಸುಮ್ನೆ ಬರೆದಿಡಿ

ಈ ವಾರ ಏನನ್ನೂ ಬಿಡಬೇಡಿ. ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ "ಯಾಕೆ ಚೆಲ್ಲೋದು" ಅಂತ ತಿಂದದ್ದು, ಆಫೀಸಿನಲ್ಲಿ ಯಾರದ್ದೋ ಬರ್ತ್‌ಡೇ ಕೇಕು, ಸಂಜೆ ಟಿವಿ ಮುಂದೆ ಕೈಯಾಡಿಸಿದ ಮಿಕ್ಸ್ಚರ್, ಎಲ್ಲವೂ. ದಿನದ ಕೊನೆಗೆ ನೆನಪು ಮಾಡಿಕೊಂಡು ಬರೆದರೆ ಅರ್ಧ ಮರೆತಿರುತ್ತೀರಿ. ತಿಂದ ತಕ್ಷಣ ಬರೆಯಬೇಕು.

ಒಂದು ಕೆಲಸ ತಪ್ಪದೆ ಮಾಡಿ: ನಿಮ್ಮ ಮನೆಯ ಅನ್ನದ ಸೌಟನ್ನು ಒಮ್ಮೆ ತೂಗಿ. ನಾನು ತೂಗಿದಾಗ ನಮ್ಮ ಸೌಟಿನಲ್ಲಿ 110 ಗ್ರಾಂ ಅನ್ನ ಬಂತು. ಬೆಂದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲರಿ. (ಕ್ಯಾಲರಿ ಅಂದರೆ ತಿಂದದ್ದರಿಂದ ಮೈಗೆ ಸಿಗುವ ಶಕ್ತಿಯ ಅಳತೆ.) "ನಾನು ತಿನ್ನೋದು ಸ್ವಲ್ಪವೇ" ಅಂತ ನಾನೂ ಹೇಳುತ್ತಿದ್ದೆ. ಆ ಸ್ವಲ್ಪ ಅನ್ನೋದು ಸಾರಿಗೆ ಎರಡು ಸೌಟು, ಮೊಸರಿಗೆ ಒಂದೂವರೆ ಸೌಟು ಆಗಿತ್ತು. ಬರೀ ಅನ್ನದ್ದೇ ಒಂದು ಹೊತ್ತಿಗೆ 500 ಕ್ಯಾಲರಿ.

ಲೆಕ್ಕದ ಬುಡ ಇಷ್ಟೇ: ಮೈಯಲ್ಲಿ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಖರ್ಚಿಗಿಂತ ಕಡಿಮೆ ತಿಂದಿರಬೇಕು. ದಿನಕ್ಕೆ 500 ಕಡಿಮೆ ಮಾಡಿದರೆ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಕಿಲೋ. ಈ 500 ಅನ್ನು ಒಂದೇ ಕಡೆ ಕತ್ತರಿಸಿದರೆ ಹಸಿವಾಗುತ್ತದೆ. ಮೂರು ನಾಲ್ಕು ಕಡೆಯಿಂದ ಚೂರು ಚೂರು ತೆಗೆದರೆ ಗೊತ್ತೇ ಆಗುವುದಿಲ್ಲ. ಮುಂದಿನ ಹಂತಗಳೆಲ್ಲ ಆ ಚೂರುಗಳೇ.

3. ಲೋಟದಿಂದ ಶುರು ಮಾಡಿ

ತಟ್ಟೆಗೆ ಕೈ ಹಾಕುವ ಮುಂಚೆ ಲೋಟ ನೋಡಿ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ 40 ಗ್ರಾಂ ಸಕ್ಕರೆ, 160 ಕ್ಯಾಲರಿ. ದಿನಕ್ಕೆ 25 ಗ್ರಾಂ ಒಳಗಿರುವುದು ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಫಿಯಲ್ಲೇ ಅದು ಮುಗಿದು ಸಾಲವಾಗಿದೆ.

ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಮೊದಲ ವಾರ ಎರಡು ಚಮಚ ಇದ್ದದ್ದು ಒಂದೂವರೆ, ಮುಂದಿನ ವಾರ ಒಂದು, ಆಮೇಲೆ ಅರ್ಧ. ನಾಲಿಗೆ ಮೂರು ವಾರದಲ್ಲಿ ಹೊಂದಿಕೊಳ್ಳುತ್ತದೆ. ಬೆಂಗಳೂರಿನವರಿಗಂತೂ ಸುಲಭದ ದಾರಿ ಇದ್ದೇ ಇದೆ, ಬೈಟೂ. ನಾಲ್ಕು ಸಲ ಬೈಟೂ ಕುಡಿದರೆ ಎರಡೇ ಕಾಫಿ ಆಯಿತು, ಹರಟೆಗೂ ನಷ್ಟವಿಲ್ಲ.

ಹಾಲಿನ ಪ್ಯಾಕೆಟ್ ಮೇಲಿನ ಅಂಕಿ ಓದಿ. ಫುಲ್ ಕ್ರೀಮ್ ಹಾಲಿನಲ್ಲಿ ನೂರಕ್ಕೆ 6 ಪಾಲು ಕೊಬ್ಬು, ಟೋನ್ಡ್ ಹಾಲಿನಲ್ಲಿ 3. ದಿನಕ್ಕೆ ಅರ್ಧ ಲೀಟರ್ ಹಾಲು ಕುಡಿಯುವವರಿಗೆ ಇದು ದೊಡ್ಡ ವ್ಯತ್ಯಾಸ.

ಇಲ್ಲಿ ಎಲ್ಲರೂ ಜಾರಿ ಬೀಳುವ ಜಾಗ ಬೆಲ್ಲ. "ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಮಾತ್ರ." ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲರಿಯಲ್ಲಿ ಹೆಚ್ಚು ಕಡಿಮೆ ವ್ಯತ್ಯಾಸವೇ ಇಲ್ಲ. ಜೇನುತುಪ್ಪವೂ ಅದೇ ಗುಂಪಿನದು. ಬೆಳಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಒಂದು ದೊಡ್ಡ ಚಮಚ ಜೇನು ಹಾಕಿ ಕುಡಿದರೆ ಕೊಬ್ಬು ಕರಗುವುದಿಲ್ಲ, 60 ಕ್ಯಾಲರಿ ಒಳಗೆ ಹೋಗುತ್ತದೆ. ಜೀರಿಗೆ ನೀರೂ ಅಷ್ಟೇ. ಕುಡಿದರೆ ತೊಂದರೆ ಇಲ್ಲ, ಆದರೆ ತೂಕ ಇಳಿಸುವ ಕೆಲಸ ಅದು ಮಾಡಲ್ಲ.

ಹಣ್ಣಿನ ಜ್ಯೂಸ್ ಬದಲು ಹಣ್ಣೇ ತಿನ್ನಿ. ಒಂದು ಲೋಟ ಮೂಸಂಬಿ ಜ್ಯೂಸಿಗೆ ಮೂರು ನಾಲ್ಕು ಹಣ್ಣು ಬೇಕು. ಬಿಡಿಸಿ ತಿನ್ನಲು ಕೂತರೆ ಎರಡಕ್ಕೇ ಸಾಕಾಗುತ್ತದೆ. ನೀರು ಮಜ್ಜಿಗೆ ಧಾರಾಳವಾಗಿ ಕುಡಿಯಿರಿ, ಎಳನೀರು ದಿನಕ್ಕೊಂದು ಪರವಾಗಿಲ್ಲ. ಇನ್ನು ಮದ್ಯ: 60 ಎಂಎಲ್ ವಿಸ್ಕಿಯಲ್ಲಿ ಸುಮಾರು 140 ಕ್ಯಾಲರಿ ಇದೆ, ಜೊತೆಗೆ ಬರುವ ಕರಿದ ಕಡಲೆಬೀಜ, ಕಬಾಬಿನ ಲೆಕ್ಕ ಬೇರೆ.

4. ಎಣ್ಣೆಯ ತಿಂಗಳ ಲೆಕ್ಕ

ಪಿಷ್ಟ (ಅನ್ನ, ಹಿಟ್ಟಿನಲ್ಲಿರುವುದು) ಮತ್ತು ಪ್ರೋಟೀನ್ (ಬೇಳೆ, ಮೊಟ್ಟೆ, ಮಾಂಸದಲ್ಲಿರುವುದು) ಗ್ರಾಂಗೆ 4 ಕ್ಯಾಲರಿ ಕೊಟ್ಟರೆ ಎಣ್ಣೆ, ತುಪ್ಪ 9 ಕೊಡುತ್ತವೆ. ಅದಕ್ಕೇ ಒಂದು ಚಮಚದಲ್ಲೂ ಲೆಕ್ಕ ಇದೆ.

ದಿನವೂ ಅಳೆಯುವುದು ಆಗದ ಮಾತು. ಬದಲಿಗೆ ದಿನಸಿ ಚೀಟಿ ತೆಗೆಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ ಬರುತ್ತಿದೆ ಅಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ 33 ಎಂಎಲ್, ಸುಮಾರು 275 ಕ್ಯಾಲರಿ. ಅದನ್ನು 2 ಲೀಟರಿಗೆ ತಂದರೆ ಒಬ್ಬೊಬ್ಬರಿಗೂ ದಿನಕ್ಕೆ 135ಕ್ಕೂ ಹೆಚ್ಚು ಉಳಿಯಿತು. ಬೇರೇನೂ ಬದಲಾಯಿಸದೆ ತಿಂಗಳಿಗೆ ಅರ್ಧ ಕಿಲೋ ಇಳಿಸುವಷ್ಟು ಆಯಿತಲ್ವಾ?

ಹೇಗೆ ಇಳಿಸೋದು? ಎಣ್ಣೆ ಕ್ಯಾನಿನಿಂದ ನೇರವಾಗಿ ಬಾಣಲೆಗೆ ಬಗ್ಗಿಸುವ ಅಭ್ಯಾಸ ಬಿಡಿ, ಚಮಚದಲ್ಲೇ ಹಾಕಿ. ನಾಲ್ಕು ಜನರ ಪಲ್ಯದ ಒಗ್ಗರಣೆಗೆ ಎರಡು ಚಮಚ ಸಾಕು. ಸಾಸಿವೆ ಸಿಡಿಯಲು ಬಾಣಲೆ ಓರೆ ಮಾಡಿ, ಎಣ್ಣೆ ಒಂದು ಮೂಲೆಗೆ ಸೇರುತ್ತದೆ. ಈರುಳ್ಳಿ ತಳ ಹಿಡಿದರೆ ಎಣ್ಣೆಯ ಬದಲು ಒಂದು ಚಿಮುಕು ನೀರು. ದೋಸೆಗೆ ಚೆನ್ನಾಗಿ ಪಳಗಿದ ಕಬ್ಬಿಣದ ಕಾವಲಿ ಇದ್ದರೆ, ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿ ಒರೆಸಿದರೆ ಆಯಿತು, ಸುತ್ತಲೂ ಸುರಿಯುವುದು ಬೇಡ.

ತೆಂಗಿನಕಾಯಿ, ಶೇಂಗಾ ಎರಡೂ ಒಳ್ಳೆಯ ಪದಾರ್ಥಗಳೇ, ಎರಡರಲ್ಲೂ ಕೊಬ್ಬು ಜಾಸ್ತಿ. ಕರಾವಳಿಯ ಮನೆಗಳಲ್ಲಿ ಪಲ್ಯಕ್ಕೂ ಕಾಯಿ, ಹುಳಿಗೂ ಕಾಯಿ, ಚಟ್ನಿಗೂ ಕಾಯಿ. ಒಂದು ಊಟದಲ್ಲಿ ಕಾಯಿ ಒಂದೇ ಕಡೆ ಇರಲಿ. ಚಟ್ನಿಗೆ ಹೀರೇಕಾಯಿ ಸಿಪ್ಪೆ, ಟೊಮೆಟೊ, ಕೊತ್ತಂಬರಿ ಸೊಪ್ಪು ಬಳಸಿದರೆ ಕಾಯಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ಶೇಂಗಾ ಹಿಂಡಿಗೆ ಎಣ್ಣೆ ಕಲಸಿಕೊಳ್ಳುವ ಬದಲು ಮೊಸರು ಕಲಸಿಕೊಳ್ಳಿ.

ತುಪ್ಪ ಬಿಡಬೇಕಾ? ಬೇಡ. ದಿನಕ್ಕೆ ಒಂದು ಟೀ ಚಮಚ, ಅಳೆದು.

5. ತಟ್ಟೆಯಲ್ಲಿ ಜಾಗ ಬದಲಾಯಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಈಗ ನಿಮ್ಮ ಮಧ್ಯಾಹ್ನದ ತಟ್ಟೆ ಹೀಗಿರಬಹುದು: ಮಧ್ಯದಲ್ಲಿ ಅನ್ನದ ಗುಡ್ಡ, ಮೇಲೆ ಸಾರು, ಅಂಚಿನಲ್ಲಿ ಎರಡು ಚಮಚ ಪಲ್ಯ, ಉಪ್ಪಿನಕಾಯಿ. ಇದನ್ನು ತಿರುಗಿಸಿ. ತಟ್ಟೆಯ ಅರ್ಧ ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಬೇಳೆ ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನ, ಮುದ್ದೆ, ಚಪಾತಿ ಅಥವಾ ರೊಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಕೂಡ ದಿನದ ಕ್ಯಾಲರಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45 ಮೀರಬಾರದು ಎನ್ನುತ್ತದೆ. ನಮ್ಮ ತಟ್ಟೆಗಳಲ್ಲಿ ಅದು ಸಲೀಸಾಗಿ ಮೀರುತ್ತದೆ.

ಬಡಿಸುವ ಕ್ರಮ ಮುಖ್ಯ. ಮದುವೆ ಮನೆಯ ಎಲೆ ನೆನಪಿಸಿಕೊಳ್ಳಿ. ಉಪ್ಪು, ಕೋಸಂಬರಿ, ಪಲ್ಯ ಎಲ್ಲ ಬಂದ ಮೇಲೆ ಅನ್ನ ಬರುತ್ತದೆ. ನಾವು ಅನ್ನ ಬರಲಿ ಅಂತ ಕಾಯುತ್ತೇವೆ, ಅದು ನಮ್ಮ ತಪ್ಪು. ಮನೆಯಲ್ಲೂ ಮೊದಲು ಕೋಸಂಬರಿ, ಪಲ್ಯ ಹಾಕಿಕೊಂಡು ಅರ್ಧ ತಿಂದು ಮುಗಿಸಿ, ಆಮೇಲೆ ಅನ್ನಕ್ಕೆ ಕೈ ಹಾಕಿ. ನಾರು ಮೊದಲು ಹೋದರೆ ರಕ್ತದಲ್ಲಿ ಸಕ್ಕರೆ ಏರುವುದೂ ನಿಧಾನ, ಎರಡನೇ ಸೌಟು ಕೇಳುವ ಮನಸ್ಸೂ ಕಡಿಮೆ. (ನಾರು ಅಂದರೆ ತರಕಾರಿ, ಕಾಳು, ತೌಡಿನಲ್ಲಿ ಇರುವ, ಹೊಟ್ಟೆಯಲ್ಲಿ ಪೂರ್ತಿ ಜೀರ್ಣವಾಗದ ಭಾಗ. ಹೊಟ್ಟೆ ತುಂಬಿದಂತೆ ಇಡುವುದು ಅದೇ.)

ಅಡುಗೆ ಮಾಡುವವರಿಗೆ ಇದರಿಂದ ಕೆಲಸ ಜಾಸ್ತಿ, ಅದು ನಿಜ. ನಾಲ್ಕು ಜನಕ್ಕೆ ಕಾಲು ಕಿಲೋ ಬೀನ್ಸ್ ಸಾಕಾಗುತ್ತಿದ್ದ ಕಡೆ ಈಗ ಮುಕ್ಕಾಲು ಕಿಲೋ ಹೆಚ್ಚಬೇಕು. ಗಂಡನೋ ಮಗನೋ ತೂಕ ಇಳಿಸಬೇಕೆಂದರೆ ಹೆಚ್ಚುವ ಕೆಲಸಕ್ಕೆ ಅವರೇ ಕೂರಲಿ. ಕೆಲಸ ಉಳಿಸುವ ಅಡುಗೆಯೂ ನಮ್ಮಲ್ಲಿದೆ: ಬಸ್ಸಾರು. ದಂಟಿನ ಸೊಪ್ಪು, ಅಲಸಂದೆ ಕಾಳು ಅಥವಾ ಹೆಸರುಕಾಳು ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ಸೊಪ್ಪು, ಕಾಳು, ಸಾರು ಮೂರೂ ಒಂದೇ ಪಾತ್ರೆಯಲ್ಲಿ ಮುಗಿಯಿತು, ಎಣ್ಣೆ ಒಗ್ಗರಣೆಗೆ ಮಾತ್ರ. ತೂಕ ಇಳಿಸಲು ಮಂಡ್ಯ, ಮೈಸೂರು ಕಡೆಯ ಈ ಅಡುಗೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಧಾರವಾಡ, ವಿಜಯಪುರದ ಕಡೆ ಊಟದ ಜೊತೆ ಹಸಿ ಮೆಂತ್ಯಸೊಪ್ಪು, ಮೂಲಂಗಿ, ಸೌತೆಕಾಯಿ, ಈರುಳ್ಳಿ ಇಡುವ ರೂಢಿಯೂ ಇದೇ ಕೆಲಸ ಮಾಡುತ್ತದೆ.

ಈ ಹಂತದಲ್ಲಿ ಎಡವುವ ಜಾಗಗಳು:

ಆಲೂಗಡ್ಡೆ, ಗೆಣಸು, ಸುವರ್ಣಗೆಡ್ಡೆ ಪಲ್ಯದ ಲೆಕ್ಕಕ್ಕೆ ಬರುವುದಿಲ್ಲ, ಅನ್ನದ ಲೆಕ್ಕಕ್ಕೆ ಬರುತ್ತವೆ. ಚಪಾತಿ ಜೊತೆ ಆಲೂಗಡ್ಡೆ ಪಲ್ಯ ಅಂದರೆ ಪಿಷ್ಟಕ್ಕೆ ಪಿಷ್ಟವೇ ಜೋಡಿ.

ರಾಗಿಗೆ ಬದಲಾದರೆ ತೂಕ ತಾನಾಗೇ ಇಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅಕ್ಕಿ, ರಾಗಿ, ಜೋಳ, ಗೋಧಿ ಯಾವುದೇ ಆಗಲಿ, 100 ಗ್ರಾಂ ಹಸಿ ಧಾನ್ಯದಲ್ಲಿ ಕ್ಯಾಲರಿ 320ರಿಂದ 350ರ ಆಸುಪಾಸಿನಲ್ಲೇ ಇರುತ್ತದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ಅದಕ್ಕಾಗಿ ತಿನ್ನಿ. ಆದರೆ ತೆಂಗಿನಕಾಯಿ ಗಾತ್ರದ ಮುದ್ದೆ ಹಾಕಿಕೊಂಡು "ರಾಗಿ ತಾನೇ" ಅನ್ನಬೇಡಿ. ಒಬ್ಬರಿಗೆ 60 ಗ್ರಾಂ ಹಿಟ್ಟಿನ ಮುದ್ದೆ ಸಾಕು. ಇನ್ನೊಂದು, ಮುದ್ದೆ ನುಂಗುವ ಊಟ. ಐದು ನಿಮಿಷದಲ್ಲಿ ಮುಗಿಯುತ್ತದೆ. ಹೊಟ್ಟೆ ತುಂಬಿತು ಅಂತ ತಲೆಗೆ ಗೊತ್ತಾಗಲು ಸುಮಾರು ಇಪ್ಪತ್ತು ನಿಮಿಷ ಬೇಕು. ಪಲ್ಯ ಅಗಿದು ತಿನ್ನುತ್ತಾ ನಡುನಡುವೆ ನುಂಗಿ.

ಚಪಾತಿಯೂ ಹಾಗೇ. ರಾತ್ರಿ ಅನ್ನ ಬಿಟ್ಟು ನಾಲ್ಕು ಚಪಾತಿ ತಿಂದರೆ ಏನು ಬದಲಾಯಿತು? 30 ಗ್ರಾಂ ಹಿಟ್ಟಿನ ಒಂದು ಒಣ ಚಪಾತಿ ನೂರು ಕ್ಯಾಲರಿ. ಎಣ್ಣೆ ಸವರಿದರೆ ಇನ್ನೂ ನಲವತ್ತು.

6. ಹಸಿವು ತಡೆಯುವುದು ಬೇಳೆ ಕಾಳು

ಅನ್ನ ಕಡಿಮೆ ಮಾಡಿದವರು ಮೂರನೇ ದಿನ ಸಂಜೆ ಐದಕ್ಕೆ ಬೇಕರಿಗೆ ಓಡುತ್ತಾರೆ. ಮನಸ್ಸು ಗಟ್ಟಿ ಇಲ್ಲ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಿಜವಾದ ಕಾರಣ ಪ್ರೋಟೀನ್ ಸಾಲದೇ ಇರುವುದು. ತಿಳಿಸಾರಿನಲ್ಲಿ ಬೇಳೆ ಹುಡುಕಿದರೂ ಸಿಗುವುದಿಲ್ಲ, ಮಧ್ಯಾಹ್ನದ ಊಟದಲ್ಲಿ ಪ್ರೋಟೀನ್ ಎಲ್ಲಿಂದ ಬರಬೇಕು?

ಕಿಲೋ ತೂಕಕ್ಕೆ ಒಂದು ಗ್ರಾಂನ ಹತ್ತಿರಕ್ಕೆ ಬಂದರೆ ಒಳ್ಳೆಯದು. ಸಸ್ಯಾಹಾರಿಗಳಿಗೆ ಒಂದು ದಿನದ ಉದಾಹರಣೆ: 50 ಗ್ರಾಂ ಹುರುಳಿ ಅಥವಾ ಹೆಸರುಕಾಳು (12 ಗ್ರಾಂ ಪ್ರೋಟೀನ್), 30 ಗ್ರಾಂ ತೊಗರಿಬೇಳೆ (7), ಒಂದು ಬಟ್ಟಲು ಅಂದರೆ 200 ಗ್ರಾಂ ಮೊಸರು (7), ಒಂದು ಲೋಟ ಹಾಲು (6), 20 ಗ್ರಾಂ ಕಡಲೆಬೀಜ (5), ದಿನದ ಧಾನ್ಯಗಳಿಂದ ಸುಮಾರು 14. ಒಟ್ಟು 51. ಮೊಟ್ಟೆ ತಿನ್ನುವವರು ಎರಡು ಸೇರಿಸಿದರೆ 63. ಕೋಳಿ, ಮೀನು ತಿನ್ನುವವರಿಗೆ ಸಲೀಸು, ಕರಿಯದೆ ಸಾರಿನಲ್ಲೋ ಕಾವಲಿಯ ಮೇಲೋ ಬೇಯಿಸಿದರೆ ಆಯಿತು. ಅಂಜಲ್ ಮೀನು ತವಾ ಫ್ರೈ ಅಂದರೂ ಎರಡು ಚಮಚ ಎಣ್ಣೆಯೊಳಗೇ ಇರಲಿ.

ಪ್ರೋಟೀನ್ ಪುಡಿಯ ಡಬ್ಬ ಬೇಕೇ ಬೇಕಾ ಎಂದು ಕೇಳುವವರಿಗೆ: ಹುರುಳಿಕಾಳು ಮೊಳಕೆ ಕಟ್ಟಿಸಿ ನೋಡಿ, ಆಮೇಲೆ ಮಾತಾಡೋಣ.

7. ತಿಂಡಿ ಮತ್ತು ಸಂಜೆಯ ಬಾಯಾಡಿಸುವಿಕೆ

ಬೆಳಗಿನ ತಿಂಡಿ ಬಿಡುವುದರಿಂದ ಕೆಲವರಿಗೆ ಅನುಕೂಲ ಆಗುತ್ತದೆ, ಹಲವರು ಮಧ್ಯಾಹ್ನ ಎರಡರಷ್ಟು ತಿನ್ನುತ್ತಾರೆ. ನೀವು ಯಾವ ಗುಂಪು ಅನ್ನೋದು ನಿಮ್ಮ ನೋಟ್‌ಬುಕ್ ಹೇಳುತ್ತದೆ.

ಉಪ್ಪಿಟ್ಟಿಗೆ ಒಂದು ಲೋಟ ರವೆ ಹಾಕುವ ಕಡೆ ಅರ್ಧ ಲೋಟ ರವೆ, ಒಂದು ಲೋಟ ತರಕಾರಿ. ಅವಲಕ್ಕಿ, ಚಿತ್ರಾನ್ನಕ್ಕೂ ಇದೇ ಸೂತ್ರ. ಇಡ್ಲಿ ಒಳ್ಳೆಯದು, ಎರಡು ಇಡ್ಲಿಗೆ ಒಂದು ಬಟ್ಟಲು ತರಕಾರಿ ಸಾಂಬಾರ್ ಇರಬೇಕು. ಪೆಸರಟ್ಟಿನಂತೆ ಹೆಸರುಕಾಳು ರುಬ್ಬಿ ಮಾಡಿದ ದೋಸೆ ಅಕ್ಕಿ ದೋಸೆಗಿಂತ ಹೆಚ್ಚು ಹೊತ್ತು ತಡೆಯುತ್ತದೆ.

ಸಂಜೆಗೆ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಅಂದರೆ ಸುಮಾರು 90 ಕ್ಯಾಲರಿ, ಹಸಿವು ಮಾತ್ರ ಅಲ್ಲೇ ಇರುತ್ತದೆ. ಅದೇ ಕ್ಯಾಲರಿಗೆ ಒಂದೂವರೆ ಲೋಟ ಕಡ್ಲೆಪುರಿ ಬರುತ್ತದೆ. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ನಿಂಬೆರಸ ಹಾಕಿ ಎಣ್ಣೆಯಿಲ್ಲದೆ ಚುರುಮುರಿ ಮಾಡಿಕೊಳ್ಳಿ. ಕಾಂಗ್ರೆಸ್ ಕಡ್ಲೆಬೀಜದ ಪ್ಯಾಕೆಟ್ ಕೈಯಲ್ಲಿ ಹಿಡಿದು ಕೂತರೆ ಖಾಲಿ ಆಗುವ ತನಕ ಏಳುವುದಿಲ್ಲ. 100 ಗ್ರಾಂ ಅಂದರೆ 550 ಕ್ಯಾಲರಿಗೂ ಮೇಲೆ, ಪೂರ್ತಿ ಒಂದು ಊಟ. ಚಿಕ್ಕ ಬಟ್ಟಲು ಇಂಥದ್ದಕ್ಕೇ ಬೇಕು ಅಂದದ್ದು. ಬಟ್ಟಲಿಗೆ ಹಾಕಿ, ಡಬ್ಬ ಮುಚ್ಚಿ, ಒಳಗಿಟ್ಟು ಬಂದು ಕೂರಿ.

"ಮಲ್ಟಿಗ್ರೇನ್", "ಡೈಜೆಸ್ಟಿವ್", "ರಾಗಿ ಬಿಸ್ಕತ್ತು" ಅಂತ ಬರೆದ ಪೊಟ್ಟಣ ತಿರುಗಿಸಿ ಹಿಂದಿನ ಪಟ್ಟಿ ಓದಿ. ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆದಿರುತ್ತಾರೆ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಇದ್ದರೆ ಮುಂದಿನದು ಓದುವ ಅಗತ್ಯ ಇಲ್ಲ.

ಉಪವಾಸದ ಬಗ್ಗೆ ತುಂಬ ಜನ ಕೇಳುತ್ತಾರೆ. ಒಪ್ಪತ್ತು ಮಾಡುವುದು ತಪ್ಪಲ್ಲ, ಆದರೆ ನಮ್ಮ ಒಪ್ಪತ್ತಿನಲ್ಲಿ ಅವಲಕ್ಕಿ, ಉಪ್ಪಿಟ್ಟು, ಸಾಬೂದಾನಿ ಖಿಚಡಿ, ಬಾಳೆಹಣ್ಣಿನ ರಸಾಯನ ಎಲ್ಲ ಸೇರಿ ಮಾಮೂಲಿ ಊಟದ ದಿನವನ್ನೇ ಮೀರಿಸುತ್ತದೆ. ಸಾಬೂದಾನಿ ಬಹುಪಾಲು ಬರೀ ಪಿಷ್ಟ. ಊಟದ ಸಮಯ ಕುಗ್ಗಿಸಿ ರಾತ್ರಿ ಏಳೂವರೆಗೆ ಮುಗಿಸುವುದು ಸುಲಭವಾದರೆ ಮಾಡಿ. ಟಿವಿ ನೋಡುತ್ತಾ ಹತ್ತು ಗಂಟೆಗೆ ತಿನ್ನುವುದು ಅದರಿಂದ ತಪ್ಪುತ್ತದೆ, ಲಾಭ ಅದೇ. ಏನೇ ಮಾಡಿದರೂ ವೈದ್ಯರ ನಿಗಾ ಇಲ್ಲದೆ ದಿನಕ್ಕೆ 1,200 ಕ್ಯಾಲರಿಗಿಂತ ಕೆಳಗೆ ಹೋಗಬೇಡಿ.

ಹೊರಗಿನ ಊಟ: ದರ್ಶಿನಿಯಲ್ಲಿ ಇಡ್ಲಿ ಜೊತೆ ವಡೆ ಬೇಡ ಅನ್ನಿ, ಇಷ್ಟೇ. ಮೀಲ್ಸ್‌ನಲ್ಲಿ ಪೂರಿ, ಹಪ್ಪಳ ಬಿಟ್ಟು ಪಲ್ಯ ಎರಡು ಸಲ ಕೇಳಿ. ಮದುವೆ ಊಟಕ್ಕೆ ಹಸಿದುಕೊಂಡು ಹೋಗಬೇಡಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ. ಒಬ್ಬಟ್ಟು ಒಂದು ತಿನ್ನಿ, ಖುಷಿಯಿಂದ ತಿನ್ನಿ. ಹಬ್ಬದ ಒಂದು ದಿನ ಲೆಕ್ಕ ಕೆಡಿಸುವುದಿಲ್ಲ. ಹಬ್ಬ ಮುಗಿದ ಮೇಲೂ ವಾರ ಪೂರ್ತಿ ಡಬ್ಬದಲ್ಲಿ ಉಳಿದ ಚಕ್ಕುಲಿ, ಕಜ್ಜಾಯ ಕೆಡಿಸುತ್ತವೆ. ಮಾರನೇ ದಿನವೇ ಹಂಚಿಬಿಡಿ.

ನಡಿಗೆ ಬಗ್ಗೆ ಎರಡೇ ಮಾತು. 70 ಕೆ.ಜಿ. ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ 120ರಿಂದ 150 ಕ್ಯಾಲರಿ ಖರ್ಚಾಗುತ್ತದೆ. ಪಾರ್ಕಿನಿಂದ ಹೊರಬಂದು ಒಂದು ವಡೆ ತಿಂದರೆ ಅಲ್ಲಿಗೆ ಸಮ. ಹಾಗಂತ ಬಿಡಬೇಡಿ. ತೂಕ ಇಳಿಯುವಾಗ ಮಾಂಸಖಂಡ ಕರಗದಂತೆ ತಡೆಯಲು ನಡಿಗೆಯ ಜೊತೆ ವಾರಕ್ಕೆ ಎರಡು ದಿನ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಇಂಥ ಕಸರತ್ತು ಇರಲಿ.

8. ತೂಕ ನಿಂತುಹೋದಾಗ

ಮೊದಲ ವಾರ ಒಂದೂವರೆ ಕಿಲೋ ಇಳಿದರೆ ಕುಣಿಯಬೇಡಿ, ಅದರಲ್ಲಿ ಬಹುಪಾಲು ನೀರು. ಮೈಯಲ್ಲಿ ಕೂಡಿಟ್ಟ ಪಿಷ್ಟ ಖಾಲಿಯಾದಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಎರಡನೇ ವಾರ ಕಾಲು ಕಿಲೋ ಮಾತ್ರ ಇಳಿದರೆ ಅಳುವುದೂ ಬೇಡ. ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದ ಮಾರನೇ ದಿನ ಒಂದು ಕಿಲೋ ಏರಿರಬಹುದು. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲೂ ನೀರು ನಿಂತು ತೂಕ ಏರುತ್ತದೆ. ಅದಕ್ಕೆ ವಾರಕ್ಕೆ ಒಂದೇ ಸಲ, ಅದೇ ದಿನ, ಅದೇ ಹೊತ್ತಿಗೆ ನೋಡಿ. ನಾಲ್ಕು ವಾರದ ಅಂಕಿ ಒಟ್ಟಿಗೆ ಇಟ್ಟು ಹೋಲಿಸಿ.

ಮೂರು ನಾಲ್ಕು ತಿಂಗಳಾದ ಮೇಲೆ ನಿಜವಾಗಿಯೇ ನಿಲ್ಲುತ್ತದೆ. ಹಗುರಾದ ಮೈಗೆ ಮೊದಲಿನಷ್ಟು ಶಕ್ತಿ ಬೇಡ, ಆಗ ಕಡಿಮೆ ಅನಿಸಿದ ಊಟ ಈಗ ಸಮ ಆಗಿರುತ್ತದೆ. ಜೊತೆಗೆ ಕೈಯೂ ಸಡಿಲ ಆಗಿರುತ್ತದೆ: ಎರಡು ಚಮಚ ಎಣ್ಣೆ ಯಾವಾಗಲೋ ಮೂರಾಗಿದೆ, ಸೌಟು ತುಂಬಿ ಬರುತ್ತಿದೆ. ಊಟ ಇನ್ನೂ ಕತ್ತರಿಸುವ ಮುಂಚೆ ಎರಡನೇ ಹಂತಕ್ಕೆ ಹೋಗಿ ಒಂದು ವಾರ ಮತ್ತೆ ಬರೆಯಿರಿ. ಹತ್ತರಲ್ಲಿ ಎಂಟು ಸಲ ಸೋರಿಕೆ ಅಲ್ಲೇ ಸಿಗುತ್ತದೆ. ನಿದ್ದೆಯನ್ನೂ ಬರೆಯಿರಿ. ಐದು ಗಂಟೆ ಮಲಗಿದ ಮಾರನೇ ದಿನ ಸಿಹಿ, ಕರಿದದ್ದು ಎಷ್ಟು ತಿಂದಿರಿ ನೋಡಿ.

ಬರೆದದ್ದೆಲ್ಲ ಸರಿಯಿದ್ದೂ ಎರಡು ತಿಂಗಳು ಅಲುಗಾಡದಿದ್ದರೆ ವೈದ್ಯರ ಹತ್ತಿರ ಹೋಗಿ, ನೋಟ್‌ಬುಕ್ ಜೊತೆಗೇ ಒಯ್ಯಿರಿ. ಥೈರಾಯ್ಡ್, ಪಿಸಿಓಡಿ (ಹೆಂಗಸರ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ), ನೀವು ತಗೊಳ್ಳುವ ಬೇರೆ ಮಾತ್ರೆಗಳು ಕಾರಣ ಇರಬಹುದು. ಥೈರಾಯ್ಡ್ ಇದ್ದರೆ ತೂಕ ಇಳಿಯುವುದೇ ಇಲ್ಲ ಅನ್ನೋದು ಸುಳ್ಳು, ಮಾತ್ರೆಯ ಪ್ರಮಾಣ ಸರಿಯಾದರೆ ಇಳಿಯುತ್ತದೆ. ವಾರಕ್ಕೊಂದು ಚುಚ್ಚಿಕೊಳ್ಳುವ ತೂಕದ ಇಂಜೆಕ್ಷನ್‌ಗಳು 2025ರಿಂದ ನಮ್ಮ ದೇಶದಲ್ಲೂ ಸಿಗುತ್ತಿವೆ. ಅವು ವೈದ್ಯರು ಪರೀಕ್ಷೆ ಮಾಡಿ ಬರೆದುಕೊಡಬೇಕಾದ ಔಷಧಿ. ಜಿಮ್ಮಿನಲ್ಲೋ ವಾಟ್ಸಾಪ್‌ನಲ್ಲೋ ಯಾರೋ ಕೊಡಿಸುತ್ತೇನೆ ಅಂದರೆ ತಗೊಳ್ಳಬೇಡಿ.

ಗುರಿ ಮುಟ್ಟಿದ ಮೇಲೆ ಹಳೆಯ ತಟ್ಟೆಗೆ ಒಂದೇ ಸಲ ಹಾರಬೇಡಿ. ಮೊದಲ ವಾರ ಮಧ್ಯಾಹ್ನಕ್ಕೆ ಅರ್ಧ ಸೌಟು ಅನ್ನ ಸೇರಿಸಿ, ತೂಕ ನೋಡಿ. ಏರದಿದ್ದರೆ ಮುಂದಿನ ವಾರ ಇನ್ನರ್ಧ ಸೌಟು ಅಥವಾ ಒಂದು ಚಪಾತಿ. ಎಲ್ಲಿ ನಿಲ್ಲುತ್ತದೋ ಅದು ನಿಮ್ಮ ಅಳತೆ. ವಾರದ ತೂಕ ನೋಡುವುದು ಮಾತ್ರ ಬಿಡಬೇಡಿ. ಎರಡು ಕಿಲೋ ಮೇಲೆ ಏರಿತು ಅಂದರೆ ಅದೇ ದಿನ ನೋಟ್‌ಬುಕ್ ಹೊರಗೆ ತೆಗೆಯಿರಿ.